ಎರಡು ಬೆರಳು

ನಾಲ್ಕು ಚಳಿಗಾಲ ನಮ್ಮ ದೊಡ್ಡಿಯಲ್ಲಿ ಕುರಿ ಕಟ್ಟಲಿಲ್ಲ.
ಕುರಿಯಿದ್ದ ಜಾಗದಲ್ಲಿ ರಷ್ಯದ ಜೀಪು,
ಅದರಡಿ ನನ್ನ ಹೆಂಡತಿ ಸ್ಟೇನ್‌ವೊರ್:
ಎರಡು ಬೂಟು, ಒಂದು ದೀಪ, ಆಗಾಗ ಒಂದು ಬೈಗುಳ.

ಐವತ್ತೇಳರ ಗಾಡಿ. ಆಗೆಲ್ಲ ಈ ದ್ವೀಪದವರು
ಹೆರಿಂಗ್ ಮೀನು ಕೊಟ್ಟು ಜೀಪು ತಂದವರು.
ಎಷ್ಟು ಪೀಪಾಯಿಗೆ ಒಂದು ಜೀಪು?
ಕೋಪಾಸ್ಕೆರ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ.
ಇದು ಮಾತ್ರ ಹಾಫ್ಲಿದಿಯ ಹುಲ್ಲುಗಾವಲಲ್ಲಿ
ಇಪ್ಪತ್ತಾರು ವರ್ಷ ಕೋಳಿಗಳಿಗೆ ಮನೆಯಾಗಿತ್ತು.
ಒಂದು ಟಗರಿಗೆ ಕೊಟ್ಟ. ಕೊಟ್ಟು ಅಂದ:
‘ಇದು ಹೊರಟರೆ ಅರ್ಧ ಮೀಸೆ ಬೋಳಿಸಿಕೊಳ್ತೇನೆ.’

ನನ್ನ ಪಾಲಿನ ಕೆಲಸ ಸ್ಪ್ಯಾನರ್ ಕೊಡುವುದು.
ಹದಿನೇಳು ಕೇಳಿದಾಗ ಹತ್ತೊಂಬತ್ತು ಕೊಟ್ಟರೆ
ಗಾಡಿಯಡಿಯಿಂದ ಏನೂ ಕೇಳಿಸುವುದಿಲ್ಲ.
ಆ ಏನೂ ಕೇಳಿಸದಿರುವುದಿದೆಯಲ್ಲ, ಬೈಗುಳವೇ ವಾಸಿ.
ನಿಘಂಟು ತೊಡೆಯ ಮೇಲಿಟ್ಟು ರಷ್ಯನ್ ಕೈಪಿಡಿ ಓದಿದೆ:
‘ನಟ್ಟನ್ನು ಮಿತವಾದ ಬಲದಿಂದ ಬಿಗಿಯತಕ್ಕದ್ದು.’
‘ಮಿತ ಅಂದರೆ ಎಷ್ಟು?’
ಪುಟ ತಿರುವಿದೆ. ಬರೆದಿರಲಿಲ್ಲ.

ಡಿಸೆಂಬರಿನ ಹಗಲು ಇಲ್ಲಿ
ಕಿಟಕಿಗೆ ಯಾರೋ ಹಾಲು ಸೋಕಿಸಿ ಹೋದಷ್ಟು.
ಅಷ್ಟರಲ್ಲೇ ಬಣ್ಣ ಕೆರೆದಳು:
ಬೂದಿಯ ಕೆಳಗೆ ನೀಲಿ, ನೀಲಿಯ ಕೆಳಗೆ
ಯಾವನೋ ಅಂಚೆಯವನ ಕೆಂಪು,
ಅದರ ಕೆಳಗೆ ಸಿಪಾಯಿ ಹಸಿರು.
ಸೀಟಿನಡಿ ಕೋಳಿಗೂಡಿನ ಹುಲ್ಲು,
ಹೆಣಿಗೆಯ ಒಂಟಿ ಕಡ್ಡಿ, ಕಲ್ಲಾಗಿ ಹೋದ ಒಂದು ಮೊಟ್ಟೆ.

ಹಿಂದಿನ ಆಕ್ಸಲಿನ ಒಂದು ಬೋಲ್ಟು
ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಎಣ್ಣೆ ಕುಡಿಸಿದಳು. ಬೆಂಕಿ ತೋರಿಸಿದಳು.
ತೇಗು ಬರದ ಕೂಸಿನ ಬೆನ್ನು ತಟ್ಟುವ ಹಾಗೆ
ಹನ್ನೊಂದು ದಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು.
ಹನ್ನೆರಡನೆಯ ದಿನ ಒಳಗೆ ಬಂದು, ಕೈ ತೊಳೆಯದೆ,
ಎರಡು ಬಟ್ಟಲು ಮೀನಿನ ಸಾರು ಕುಡಿದಳು.
ನಾನು ಏನೂ ಕೇಳಲಿಲ್ಲ.

ಮೂರನೆಯ ವರ್ಷ ಕುಗ್ಗಿದ ಸ್ಪ್ರಿಂಗ್ ಪಟ್ಟಿಗಳು ಹೋದವು,
ಅಕುರೇರಿಯಿಂದ ಹೊಸವು ಬಂದವು,
ಮೈತುಂಬಿದ ಹೊಸ ಟೈರುಗಳು ಬಂದವು.
‘ನೋಡು, ಹೇಗೆ ಎದೆ ಸೆಟೆದು ನಿಂತಿದೆ!’ ಅಂದವನು ನಾನೇ.

ನಮ್ಮಲ್ಲಿ ಬೇಸಿಗೆಯ ಮೊದಲ ದಿನ ಏಪ್ರಿಲ್‌ನಲ್ಲಿ.
ಹಿಮ ಬೀಳುತ್ತಿರುತ್ತದೆ, ನಾವು ರಜೆ ಕೊಟ್ಟು ನಂಬುತ್ತೇವೆ.
ಅವತ್ತು ಊರೇ ದೊಡ್ಡಿಯ ಮುಂದೆ.
ಕೀಲಿ ತಿರುವಿದಳು. ಕೆಮ್ಮಿತು, ಉಗುಳಿತು, ಹಿಡಿಯಿತು.
ಹಾಫ್ಲಿದಿ ಮೀಸೆ ಮುಟ್ಟಿ ನೋಡಿಕೊಂಡ.
ನಾಲ್ಕು ಗಾಲಿಯೂ ಒಟ್ಟಿಗೆ ತಿರುಗಿ, ಜೀಪು ಬಾಗಿಲಿಗೆ ಬಂದು
ಟಕ್.

ಬಡಗಿ ಕಟ್ಟಿದ ಮರದ ಮಾಡು
ಬಾಗಿಲ ತೊಲೆಗಿಂತ ಎರಡು ಬೆರಳು ಎತ್ತರ.
ಒಳಗೆ ಎಳೆತಂದಾಗ ಕುಗ್ಗಿತ್ತಲ್ಲ,
ರಿಪೇರಿಯಾಗಿ ಬೆಳೆದಿತ್ತು.

ತೊಲೆ ಕೊಯ್ಯಿ ಅಂದರು. ಮಾಡು ಕಳಚು ಅಂದರು.
ಹಾಫ್ಲಿದಿ ನಕ್ಕ, ಹಿಮದಲ್ಲಿ ಕೂತು ನಕ್ಕ.
ಅವಳು ಇಳಿದು, ಮಂಡಿಯೂರಿ,
ಒಂದೊಂದೇ ಟೈರಿನ ಗಾಳಿ ಬಿಟ್ಟಳು.
ಹಿಮಗಡ್ಡೆಯ ಮೇಲೆ ಹೋಗುವವರು ಮಾಡುವುದೂ ಇದನ್ನೇ:
ಉಬ್ಬಿದ ಗಾಲಿ ಹೂತುಹೋಗುತ್ತದೆ,
ಸೊರಗಿದ್ದು ಅಗಲವಾಗಿ ತೇಲುತ್ತದೆ.

ಇನ್ನೂ ಒಂದು ಬೆರಳು.
‘ಹತ್ತಿ’ ಅಂದಳು.
ಅಂಚೆಯ ಯೋರುನ್ ಹತ್ತಿದಳು, ಪಾದ್ರಿ ಹತ್ತಿದ,
ಯೋರುನ್‌ಳ ಅವಳಿಗಳು, ಯಾರದೋ ನಾಯಿ.
ಕೂದಲೆಳೆ ಉಳಿಯಿತು.
ಎಲ್ಲರೂ ಹಾಫ್ಲಿದಿಯತ್ತ ತಿರುಗಿದರು.
ನೂರಾ ಎಂಟು ಕಿಲೋ. ಹಿಮ ಕೊಡವಿಕೊಂಡು ಎದ್ದ,
ತನ್ನ ಕೋಳಿಗಳ ಜಾಗದಲ್ಲಿ ಹೋಗಿ ಕೂತ.
ಹೊಸ ಸ್ಪ್ರಿಂಗು ಉಸ್ಸೆಂದು ತಗ್ಗಿತು,
ಮಾಡು ತೊಲೆಯನ್ನು ಸವರಿಕೊಂಡು
ಹೊರಗೆ.

ಇಳಿಯಬೇಕೆಂದು ಯಾರಿಗೂ ಹೊಳೆಯಲಿಲ್ಲ.
ಬಂದರಿನ ಇಳಿಜಾರಿನಲ್ಲಿ, ತುಂಬಿದ ಹಸುವಿನ ನಡಿಗೆಯಲ್ಲಿ,
ಗಾಳಿಯಿಲ್ಲದ ನಾಲ್ಕು ಗಾಲಿಯ ಮೇಲೆ
ಅರ್ಧ ಊರು ಹೋಗುತ್ತಿತ್ತು.
ಕೂಗಿ ಹೇಳೋಣವೆಂದರೆ ತುಂಬ ದೂರ.
ಪಂಪು ನನ್ನ ಕೈಯಲ್ಲೇ ಇತ್ತು.